ಬರಡಾಗುವ ನೆಲ, ಬದಲಾಗುವ ಗಂಡಾಂತರ

ಮರುಭೂಮಿ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ನಿಲ್ಲುವುದು ಮರಳ ದಿಬ್ಬ, ಒಂಟೆ ಮತ್ತು ಖರ್ಜೂರದ ಮರ. ಅದು ದೂರದ ಅರಬಸ್ತಾನಕ್ಕೆ, ಹೆಚ್ಚೆಂದರೆ ಜೈಸಲ್ಮೇರಿಗೆ ಸಂಬಂಧಿಸಿದ ವಿಷಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ನೆಲವು ಮರುಭೂಮಿಯಾಗಲು ಮರಳೇ ಬಂದು ಬೀಳಬೇಕೆಂದಿಲ್ಲ. ಮಳೆ ಸುರಿದರೂ ನೀರು ಇಂಗದ ಹೊಲ, ಬಿತ್ತಿದರೂ ಬೆಳೆ ಕೈಗೆ ಹತ್ತದ ಭೂಮಿ, ಉಪ್ಪು ಬಿಳಿಯ ಪದರವಾಗಿ ಮೇಲೆದ್ದ ಗದ್ದೆ, ದನಕರುಗಳಿಗೆ ಒಂದು ಹಿಡಿ ಹುಲ್ಲೂ ಸಿಕ್ಕದ ಗೋಮಾಳ ಇವೆಲ್ಲವೂ ಅದರ ನಾನಾ ರೂಪಗಳೇ ಆಗಿವೆ. ಒಣ ಪ್ರದೇಶಗಳಲ್ಲಿ ಹವಾಗುಣದ ಏರುಪೇರಿನಿಂದಲೂ ಮಾನವನ ಕೈವಾಡದಿಂದಲೂ ನೆಲದ ಸತ್ತ್ವ ಕುಂದುತ್ತ ಹೋಗುವ ಈ ಕ್ರಿಯೆಗೆ ಮರುಭೂಮೀಕರಣವೆಂದು ಹೆಸರು. ಫ್ರಾನ್ಸಿನ ಅರಣ್ಯತಜ್ಞ ಆಂದ್ರೆ ಓಬ್ರೆವಿಲ್ ಅವರು 1949ರಲ್ಲಿ ಆಫ್ರಿಕದ ಕಾಡುಗಳ ನಾಶವನ್ನು ಕುರಿತು ಬರೆಯುತ್ತ ಈ ಶಬ್ದವನ್ನು ಪ್ರಚಾರಕ್ಕೆ ತಂದರು.

ಈ ಗಂಡಾಂತರವು ಭೂಪಟದ ಮೇಲೆ ಒಂದು ಸಲ ಗೆರೆ ಎಳೆದು ಮುಗಿಸುವಂಥದಲ್ಲ. ಒಂದು ಕಾಲದಲ್ಲಿ ಸುರಕ್ಷಿತವೆನಿಸಿದ ಸೀಮೆ ಮೂವತ್ತು ವರ್ಷಗಳಲ್ಲಿ ಅಪಾಯದ ಪಟ್ಟಿಗೆ ಸೇರಬಹುದು. ಕೈಬಿಟ್ಟ ನೆಲವೆಂದು ಪಂಡಿತರು ತೀರ್ಪಿತ್ತ ಸೀಮೆ ಮತ್ತೆ ಹಸಿರಾಗಬಹುದು. ಹೀಗೆ ಬದಲಾಗುವುದು ಏತಕ್ಕೆ, ಬದಲಾವಣೆಯಲ್ಲಿ ಮಳೆಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಉದ್ಯೋಗದ ನಿಮಿತ್ತ ಹೊರನಾಡಿನಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ಎರಡು ಎಕರೆ ಹೊಲವಾದರೂ ಇದೆ. ಅದರ ಮುಂದಿನ ಗತಿಯೂ ಈ ಪ್ರಶ್ನೆಯಲ್ಲಿ ಅಡಗಿದೆ.

ಅಳೆಯುವ ಬಗೆ

ಮರುಭೂಮೀಕರಣವನ್ನು ತಡೆಯಲು ವಿಶ್ವಸಂಸ್ಥೆಯ ಒಡಂಬಡಿಕೆಯೊಂದು 1994ರ ಜೂನ್ 17ರಂದು ಪ್ಯಾರಿಸ್ಸಿನಲ್ಲಿ ಅಂಗೀಕಾರವಾಯಿತು. ಭಾರತವು 1996ರ ಡಿಸೆಂಬರಿನಲ್ಲಿ ಅದನ್ನು ಅನುಮೋದಿಸಿತು. ಪ್ರತಿವರ್ಷ ಜೂನ್ 17ನ್ನು ಈ ಪಿಡುಗಿನ ವಿರುದ್ಧ ಜಾಗೃತಿಯ ದಿನವಾಗಿ ಆಚರಿಸುವುದು ಈ ಕಾರಣದಿಂದಲೇ.

ನೆಲದ ಶುಷ್ಕತೆಯನ್ನು ಅಳೆಯಲು ವಿಜ್ಞಾನಿಗಳು ಒಂದು ಸರಳವಾದ ಭಾಗಾಕಾರವನ್ನು ಮಾಡುತ್ತಾರೆ. ವರ್ಷದಲ್ಲಿ ಬೀಳುವ ಮಳೆಯನ್ನು, ಬಿಸಿಲು ಗಾಳಿಗಳು ನೆಲದಿಂದಲೂ ಗಿಡಗಳಿಂದಲೂ ಹೀರಬಲ್ಲಷ್ಟು ನೀರಿನ ಪ್ರಮಾಣದಿಂದ ಭಾಗಿಸುತ್ತಾರೆ. ಭಾಗಲಬ್ಧ 0.65ಕ್ಕಿಂತ ಕಡಿಮೆಯಾದರೆ ಅದು ಒಣ ಪ್ರದೇಶ, 0.20ರಿಂದ 0.50ರವರೆಗೆ ಅರೆಶುಷ್ಕ, 0.05ರಿಂದ 0.20ರವರೆಗೆ ಶುಷ್ಕ. 0.05ಕ್ಕಿಂತ ಕೆಳಗಿನದು ಕಡು ಮರುಭೂಮಿ. ಸ್ವಾರಸ್ಯವೆಂದರೆ ಒಡಂಬಡಿಕೆಯ ವ್ಯಾಖ್ಯೆಯಲ್ಲಿ ಈ ಕಡು ಮರುಭೂಮಿಗೆ ಸ್ಥಾನವೇ ಇಲ್ಲ. ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದ ನೆಲಕ್ಕೆ ನಷ್ಟದ ಭಯವೂ ಇಲ್ಲ. ಭಯವಿರುವುದು ಅಲ್ಪಸ್ವಲ್ಪ ಆಸ್ತಿಯುಳ್ಳ ಬಡ ಗೃಹಸ್ಥನಂಥ ಅರೆಶುಷ್ಕ ಭೂಮಿಗೆ.

ಆದರೆ ಶುಷ್ಕತೆಯೊಂದೇ ಗಂಡಾಂತರವಲ್ಲ. ಯುರೋಪಿನ ಮೆಡಿಟರೇನಿಯನ್ ದೇಶಗಳಿಗಾಗಿ ಮೆಡಾಲಸ್ ಎಂಬ ಯೋಜನೆಯ ವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದ ಪದ್ಧತಿಯು ಲೆಕ್ಕಪತ್ರ ಬಲ್ಲವರಿಗೆ ಸುಲಭವಾಗಿ ಅರ್ಥವಾಗುವಂತಿದೆ. ಗ್ರೀಸಿನ ಲೆಸ್ವೋಸ್ ದ್ವೀಪವೇ ಮೊದಲಾದೆಡೆ ಪ್ರಯೋಗಿಸಿದ ಈ ಪದ್ಧತಿಯಲ್ಲಿ ಮಣ್ಣು, ಹವಾಗುಣ, ಸಸ್ಯಾವರಣ, ನಿರ್ವಹಣೆ ಎಂಬ ನಾಲ್ಕು ಬಾಬುಗಳಿವೆ. ಪ್ರತಿಯೊಂದಕ್ಕೂ 1ರಿಂದ 2ರವರೆಗೆ ಅಂಕ ಕೊಟ್ಟು, ನಾಲ್ಕನ್ನೂ ಗುಣಿಸಿ, ಬಂದ ಗುಣಲಬ್ಧದ ನಾಲ್ಕನೆಯ ಮೂಲವನ್ನು ತೆಗೆದರೆ ಆ ನೆಲದ ಅಪಾಯದ ಮಟ್ಟ ದೊರೆಯುತ್ತದೆ. ಈ ನಾಲ್ಕರಲ್ಲಿ ಮಣ್ಣಿನ ಮೂಲಗುಣ ಬದಲಾಗಲು ತಲೆಮಾರುಗಳೇ ಬೇಕು. ಹವಾಗುಣ ದಶಕಗಳಲ್ಲಿ ಬದಲಾಗುತ್ತದೆ. ಸಸ್ಯಾವರಣ ಕೆಲವೇ ವರ್ಷಗಳಲ್ಲಿ. ನಿರ್ವಹಣೆಯೋ ಒಂದೇ ಬೆಳೆಗಾಲದಲ್ಲಿ ಬದಲಾದೀತು. ಆದುದರಿಂದ ಯಾವುದೇ ನೆಲದ ಅಪಾಯದ ಅಂಕವು ಆಯಾ ತಾರೀಖಿನದು ಮಾತ್ರ. ಸಾಲಗಾರನ ಯೋಗ್ಯತೆಯನ್ನು ಬ್ಯಾಂಕು ವರ್ಷ ವರ್ಷವೂ ಮರುಪರಿಶೀಲಿಸುವಂತೆ ಇದನ್ನೂ ಮತ್ತೆ ಮತ್ತೆ ನೋಡಲೇಬೇಕು. ವಿಶ್ವ ಮರುಭೂಮೀಕರಣ ಭೂಪಟಗಳ ಸಂಪುಟವು 1992ರಲ್ಲಿ ಮೊದಲು ಹೊರಬಂದು, 1997 ಮತ್ತು 2018ರಲ್ಲಿ ಹೊಸದಾಗಿ ಸಿದ್ಧವಾಯಿತು. ಮೂರನೆಯ ಆವೃತ್ತಿಯ ಸಂಪಾದಕರು ಇಡೀ ಜಗತ್ತಿಗೆ ಅನ್ವಯಿಸುವ ಒಂದೇ ಅಪಾಯದ ಭೂಪಟವನ್ನು ಕೊಡುವ ಕ್ರಮವನ್ನೇ ಕೈಬಿಟ್ಟರು. ಒಂದೊಂದು ಸೀಮೆಯಲ್ಲಿ ಒಂದೊಂದು ಕಾರಣಸಮೂಹ ಕೆಲಸ ಮಾಡುತ್ತದೆಂಬ ಅರಿವು ಇದಕ್ಕೆ ಕಾರಣ.

ಬೆಲೆ ಏರಿದಾಗ ಹೂಡಿದ ನೇಗಿಲು

ನಾಲ್ಕನೆಯ ಬಾಬಾದ ನಿರ್ವಹಣೆ ಕೆಟ್ಟರೆ ಏನಾಗುವುದೆಂಬುದಕ್ಕೆ ಅಮೆರಿಕವೇ ಪ್ರಸಿದ್ಧ ನಿದರ್ಶನ. ಅಲ್ಲಿನ ಕಾನ್ಸಾಸ್, ಒಕ್ಲಹೋಮ, ಟೆಕ್ಸಾಸ್ ಸಂಸ್ಥಾನಗಳ ಬಯಲುಗಳು ಮಳೆ ಕಡಿಮೆಯಾದರೂ ಆಳವಾದ ಬೇರಿನ ಹುಲ್ಲಿನಿಂದ ಭದ್ರವಾಗಿದ್ದವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗೋಧಿಯ ಬೆಲೆ ಏರಿತು. ಟ್ರ್ಯಾಕ್ಟರುಗಳು ಬಂದವು. ಲಕ್ಷಾಂತರ ಎಕರೆ ಹುಲ್ಲುಗಾವಲು ಉಳುಮೆಗೆ ಒಳಗಾಯಿತು. 1930ರ ದಶಕದಲ್ಲಿ ಬೆಲೆ ಕುಸಿಯಿತು, ಮಳೆಯೂ ಕೈಕೊಟ್ಟಿತು. ಬೇರಿನ ಹಿಡಿತವಿಲ್ಲದ ಮಣ್ಣು ಆಕಾಶಕ್ಕೆದ್ದಿತು. 1935ರ ಏಪ್ರಿಲ್ 14ರ ಧೂಳಿನ ಬಿರುಗಾಳಿ ಹಗಲನ್ನೇ ಕತ್ತಲಾಗಿಸಿ 'ಕಪ್ಪು ಭಾನುವಾರ' ಎಂಬ ಹೆಸರನ್ನು ಪಡೆಯಿತು. ಅದೇ ತಿಂಗಳ ಕೊನೆಯಲ್ಲಿ ಅಮೆರಿಕವು ಮಣ್ಣಿನ ಸಂರಕ್ಷಣೆಯ ಕಾನೂನನ್ನು ಮಾಡಿತು. ಮಳೆಯಿಲ್ಲದ ವರ್ಷಗಳು ಆ ಬಯಲುಗಳಿಗೆ ಹಿಂದೆಯೂ ಬಂದಿದ್ದವು. ನೆಲಕ್ಕೆ ಹೊದಿಕೆಯಿಲ್ಲದ ಕಾಲದಲ್ಲಿ ಬಂದುದು ಮಾತ್ರ ಹೊಸದು.

ಸಾಹೇಲಿನ ಅರ್ಧ ಶತಮಾನ

ಗಂಡಾಂತರದ ಏರಿಳಿತಗಳೆರಡನ್ನೂ ಒಂದೇ ಸೀಮೆಯಲ್ಲಿ ಕಾಣಬೇಕಾದರೆ ಆಫ್ರಿಕದ ಸಾಹೇಲಿಗೆ ಹೋಗಬೇಕು. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನಲ್ಲಿ, ಸೆನೆಗಾಲಿನಿಂದ ಸೂಡಾನಿನವರೆಗೆ ಅಡ್ಡಲಾಗಿ ಹಬ್ಬಿರುವ ಒಣ ಪಟ್ಟಿಯೇ ಸಾಹೇಲ್. ಅರಬ್ಬೀ ಭಾಷೆಯಲ್ಲಿ ಈ ಶಬ್ದಕ್ಕೆ ದಡವೆಂದು ಅರ್ಥ.

1950ರ ದಶಕದಲ್ಲಿ ಅಲ್ಲಿ ಒಳ್ಳೆಯ ಮಳೆಯಾಯಿತು. ಅದನ್ನು ನಂಬಿ ಬೇಸಾಯವು ಉತ್ತರಕ್ಕೆ ಸರಿಯಿತು; ದನಗಳ ಹಿಂಡುಗಳು ಹೆಚ್ಚಿದವು. 1968ರಿಂದ ಮಳೆ ತಪ್ಪತೊಡಗಿ 1972-73ರಲ್ಲಿ ಘೋರ ಕ್ಷಾಮವಾಯಿತು. ಮರುಭೂಮಿಯ ದಂಡಯಾತ್ರೆ ಆರಂಭವಾಯಿತೆಂಬ ಭಯ ಜಗತ್ತನ್ನೆಲ್ಲ ಆವರಿಸಿತು. 1975ರಲ್ಲಿ ಹ್ಯೂ ಲ್ಯಾಂಪ್ರಿ ಎಂಬ ತಜ್ಞರು ಸೂಡಾನಿನಲ್ಲಿ ಸಮೀಕ್ಷೆ ಮಾಡಿ, ಮರುಭೂಮಿಯು 17 ವರ್ಷಗಳಲ್ಲಿ 90ರಿಂದ 100 ಕಿಲೋಮೀಟರುಗಳಷ್ಟು ದಕ್ಷಿಣಕ್ಕೆ ಸರಿದಿದೆಯೆಂದು ವರದಿ ಕೊಟ್ಟರು. 1977ರಲ್ಲಿ ನೈರೋಬಿಯಲ್ಲಿ ಈ ವಿಷಯಕ್ಕಾಗಿಯೇ ವಿಶ್ವಸಂಸ್ಥೆಯ ಸಮ್ಮೇಳನ ನಡೆಯಿತು. 1983-84ರಲ್ಲಿ ಮತ್ತೆ ಬರ ಬಂದಿತು.

ಮುಂದೆ ಉಪಗ್ರಹಗಳ ಚಿತ್ರಗಳು ಬೇರೆ ಕಥೆಯನ್ನು ಹೇಳಿದವು. 1991ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ ಸಹಾರಾದ ವಿಸ್ತಾರವು 1980ರಲ್ಲಿ ಸುಮಾರು 86 ಲಕ್ಷ ಚದರ ಕಿಲೋಮೀಟರುಗಳಿದ್ದುದು 1984ರಲ್ಲಿ ಸುಮಾರು ಒಂದು ಕೋಟಿಯವರೆಗೆ ಹಿಗ್ಗಿ, ಮಳೆ ಬಂದ ಮರುವರ್ಷವೇ ಕುಗ್ಗಿತು. ಅಂದರೆ ಲ್ಯಾಂಪ್ರಿಯವರು ಕಂಡದ್ದು ಮರಳ ಸೈನ್ಯದ ಮುನ್ನಡೆಯನ್ನಲ್ಲ. ಎರಡು ಬೇರೆ ಬೇರೆ ಮಳೆಗಾಲಗಳ ನಡುವಣ ಅಂತರವನ್ನು. ಮರುಭೂಮಿಯ ಅಂಚು ಉಸಿರಾಡುವ ಎದೆಯಂತೆ ಏರಿ ಇಳಿಯುತ್ತದೆ.

ಹಾಗಾದರೆ ಎಲ್ಲವೂ ಮಳೆಯ ಆಟವೇ? ಇದಕ್ಕೆ ಉತ್ತರವನ್ನು ನೈಜರ್ ದೇಶದ ಮರಾಡಿ ಮತ್ತು ಜಿಂದರ್ ಸೀಮೆಗಳ ರೈತರು ಕೊಟ್ಟಿದ್ದಾರೆ. ಹೊಲವೆಂದರೆ ಗಿಡಗಂಟಿಯಿಲ್ಲದೆ ಸ್ವಚ್ಛವಾಗಿರಬೇಕೆಂದು ಅವರಿಗೆ ಬೋಧಿಸಲಾಗಿತ್ತು. ವಸಾಹತು ಕಾಲದ ಕಾನೂನಿನ ಪ್ರಕಾರ ಮರಗಳು ಸರ್ಕಾರದ ಸ್ವತ್ತಾಗಿದ್ದವು. ಸಸಿ ನೆಡುವ ಯೋಜನೆಗಳು ಒಂದರ ಹಿಂದೊಂದು ಸೋತವು. 1983ರ ಸುಮಾರಿಗೆ ಆಸ್ಟ್ರೇಲಿಯದ ಟೋನಿ ರಿನಾಡೋ ಅವರು ಹೊಲದಲ್ಲಿ ಕಾಣುತ್ತಿದ್ದ ಕುರುಚಲು ಪೊದೆಗಳು ನಿಜವಾಗಿ ಕಡಿದ ಮರಗಳ ಚಿಗುರುಗಳೆಂಬುದನ್ನು ಗುರುತಿಸಿದರು. ನೆಲದಡಿಯ ಬೇರು ಇನ್ನೂ ಜೀವಂತವಾಗಿತ್ತು. ರೈತರು ಒಂದೆರಡು ಚಿಗುರುಗಳನ್ನು ಉಳಿಸಿ ಉಳಿದವನ್ನು ಸವರಿ ಬೆಳೆಸತೊಡಗಿದರು. ಮರದ ಮೇಲೆ ರೈತನಿಗೆ ಹಕ್ಕು ದೊರೆತಂತೆಲ್ಲ ಈ ಕ್ರಮವು ಊರಿಂದೂರಿಗೆ ಹಬ್ಬಿ, ಸುಮಾರು 50 ಲಕ್ಷ ಹೆಕ್ಟೇರುಗಳನ್ನು ವ್ಯಾಪಿಸಿತು. ಅಲ್ಲಿನ ಗಾವೋ ಎಂಬ ಜಾಲಿಯ ಜಾತಿಯ ಮರವು ಮಳೆಗಾಲದಲ್ಲಿ ಎಲೆಯುದುರಿಸಿ ಬೇಸಗೆಯಲ್ಲಿ ಚಿಗುರುವುದರಿಂದ ಬೆಳೆಗೆ ನೆರಳಿನ ಕಾಟವಿಲ್ಲ, ಗೊಬ್ಬರದ ಲಾಭವಿದೆ. ಗಡಿಯ ಆಚೆ ಉತ್ತರ ನೈಜೀರಿಯದಲ್ಲಿ ಅದೇ ಮಣ್ಣು, ಅದೇ ಮಳೆಯಿದ್ದರೂ ಹೊಲಗಳಲ್ಲಿ ಅಷ್ಟು ಮರಗಳು ಕಾಣಲಿಲ್ಲ. ಮಳೆಯೊಂದೇ ಕಾರಣವಾಗಿದ್ದರೆ ಹಸಿರು ಗಡಿಯಲ್ಲಿ ನಿಲ್ಲಬೇಕಾಗಿರಲಿಲ್ಲ.

ಬುರ್ಕಿನಾ ಫಾಸೊ ದೇಶದ ಯಾಕುಬಾ ಸವಾಡೊಗೊ ಎಂಬ ರೈತರು ಬೇಸಗೆಯಲ್ಲಿ ಗಟ್ಟಿನೆಲದಲ್ಲಿ ಗುಣಿಗಳನ್ನು ತೋಡಿ, ಗೊಬ್ಬರ ತುಂಬಿಸಿ, ಮೊದಲ ಮಳೆಯ ನೀರು ಅಲ್ಲೇ ನಿಲ್ಲುವಂತೆ ಮಾಡುವ ಹಳೆಯ ವಿಧಾನವನ್ನು ಸುಧಾರಿಸಿ ಬರಡುಭೂಮಿಯಲ್ಲಿ ಕಾಡನ್ನೇ ಬೆಳೆಸಿದರು. 2018ರಲ್ಲಿ ಇವರಿಬ್ಬರಿಗೂ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು. ಸವಾಡೊಗೊ ಅವರು 2023ರಲ್ಲಿ ತೀರಿಕೊಂಡರು. ಈಚಿನ ವರ್ಷಗಳಲ್ಲಿ ಅದೇ ದೇಶದಲ್ಲಿಯೂ ನೆರೆಯ ಮಾಲಿಯಲ್ಲಿಯೂ ಸಶಸ್ತ್ರ ಸಂಘರ್ಷದಿಂದ ಲಕ್ಷಾಂತರ ಜನರು ಊರು ತೊರೆದಿದ್ದಾರೆ. ನೋಡಿಕೊಳ್ಳುವವರಿಲ್ಲದ ಹೊಲದ ಅಪಾಯದ ಅಂಕ ಪುನಃ ಏರುವುದು ಸಹಜ. ಗಂಡಾಂತರವು ಇಳಿದ ಮೇಲೆ ಏರಲಾರದೆಂಬ ಭರವಸೆ ಎಲ್ಲಿಯೂ ಇಲ್ಲ.

ನೀರಿನಿಂದಲೇ ಹುಟ್ಟಿದ ಮರುಭೂಮಿ

ಮಳೆಯ ಅಭಾವದಿಂದ ಮಾತ್ರವಲ್ಲದೆ ನೀರಾವರಿಯ ಅತಿಯಾಸೆಯಿಂದಲೂ ಮರುಭೂಮಿ ಹುಟ್ಟಬಲ್ಲುದೆಂಬುದಕ್ಕೆ ಮಧ್ಯ ಏಷ್ಯದ ಅರಾಲ್ ಸಮುದ್ರ ಸಾಕ್ಷಿ. 1960ರಲ್ಲಿ ಸುಮಾರು 68 ಸಾವಿರ ಚದರ ಕಿಲೋಮೀಟರುಗಳಷ್ಟು ವಿಸ್ತಾರವಾಗಿದ್ದ ಅದು ಜಗತ್ತಿನ ನಾಲ್ಕನೆಯ ಅತಿದೊಡ್ಡ ಸರೋವರವಾಗಿತ್ತು. ಅದನ್ನು ತುಂಬಿಸುತ್ತಿದ್ದ ಅಮು ದರಿಯಾ ಮತ್ತು ಸಿರ್ ದರಿಯಾ ನದಿಗಳನ್ನು ಸೋವಿಯತ್ ಆಡಳಿತವು ಹತ್ತಿಯ ಬೆಳೆಗೆ ತಿರುಗಿಸಿತು. ಹತ್ತಿಯೇನೋ ಬೆಳೆಯಿತು, ಸರೋವರವು ಒಣಗಿ, ತಳದಲ್ಲಿ ಅರಾಲ್‌ಕುಮ್ ಎಂಬ ಹೊಸ ಮರುಭೂಮಿಯೇ ಹುಟ್ಟಿತು. ಮೊಯ್ನಾಕ್ ಬಂದರಿನ ಹಡಗುಗಳು ಇಂದಿಗೂ ಮರಳ ಮೇಲೆ ತುಕ್ಕು ಹಿಡಿದು ನಿಂತಿವೆ. ಉಪ್ಪು ಮತ್ತು ಬೇಸಾಯದ ವಿಷಗಳನ್ನು ಹೊತ್ತ ಧೂಳು ಅಲ್ಲಿಂದ ಬೀಸುತ್ತದೆ.

ಇಲ್ಲಿಯೂ ಎಲ್ಲ ಭಾಗಗಳಿಗೆ ಒಂದೇ ಗತಿಯಾಗಲಿಲ್ಲ. ಕಜಾಕಸ್ತಾನವು 2005ರಲ್ಲಿ ಕೋಕರಾಲ್ ಅಣೆಕಟ್ಟನ್ನು ಕಟ್ಟಿ ಉತ್ತರದ ಚಿಕ್ಕ ಭಾಗವನ್ನು ಉಳಿಸಿತು. ನೀರು ಏರಿತು, ಉಪ್ಪು ಇಳಿಯಿತು, ಮೀನು ಮರಳಿತು. ದಕ್ಷಿಣದ ಭಾಗ ಮಾತ್ರ ಬಹುಮಟ್ಟಿಗೆ ಕೈತಪ್ಪಿತು. ಒಂದೇ ಸರೋವರದ ಎರಡು ತುದಿಗಳಿಗೆ ಎರಡು ಭವಿಷ್ಯಗಳಾದವು.

ನಮ್ಮ ದೇಶದ ಲೆಕ್ಕ

ಇನ್ನು ಭಾರತಕ್ಕೆ ಬರೋಣ. ಸಾಹೇಲಿನ ಜನ ಬರದಿಂದ ತತ್ತರಿಸಿದ 1972-73ರಲ್ಲಿಯೇ ಮಹಾರಾಷ್ಟ್ರವೂ ದಾರುಣ ಬರಗಾಲವನ್ನು ಕಂಡಿತು. ಅದಕ್ಕೂ ಮುಂಚೆ, 1950ರ ದಶಕದಲ್ಲಿ, ಥಾರ್ ಮರುಭೂಮಿಯು ವರ್ಷಕ್ಕೆ ಅರ್ಧ ಮೈಲಿಯಂತೆ ಉತ್ತರ ಪ್ರದೇಶದತ್ತ ಸಾಗುತ್ತಿದೆಯೆಂಬ ಆತಂಕ ನಮ್ಮಲ್ಲಿಯೂ ಪ್ರಬಲವಾಗಿತ್ತು. 1952ರಲ್ಲಿ ಜೋಧಪುರದಲ್ಲಿ ಮರುಭೂಮಿ ಅರಣ್ಯೀಕರಣ ಕೇಂದ್ರವೊಂದು ಆರಂಭವಾಗಿ, 1959ರಲ್ಲಿ ಕೇಂದ್ರೀಯ ಶುಷ್ಕವಲಯ ಸಂಶೋಧನ ಸಂಸ್ಥೆಯಾಗಿ ಬೆಳೆಯಿತು. ಮರಳುದಿಬ್ಬಗಳನ್ನು ಗಿಡ ಹುಲ್ಲುಗಳಿಂದ ಕಟ್ಟಿಹಾಕುವ, ಗಾಳಿಗೆ ಅಡ್ಡಲಾಗಿ ಮರಗಳ ಸಾಲು ಬೆಳೆಸುವ ಕೆಲಸ ಅಲ್ಲಿಂದ ನಡೆಯಿತು. ಥಾರ್ ದೆಹಲಿಯನ್ನು ನುಂಗಲಿಲ್ಲ.

ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರವು ಉಪಗ್ರಹಗಳ ನೆರವಿನಿಂದ ಮರುಭೂಮೀಕರಣ ಮತ್ತು ಭೂಸವಕಳಿಗಳ ಭೂಪಟವನ್ನು ಮೂರು ಅವಧಿಗಳಿಗೆ ಸಿದ್ಧಪಡಿಸಿದೆ. 2003-05ರಲ್ಲಿ 945 ಲಕ್ಷ ಹೆಕ್ಟೇರು, 2011-13ರಲ್ಲಿ 964 ಲಕ್ಷ, 2018-19ರಲ್ಲಿ 978 ಲಕ್ಷ ಹೆಕ್ಟೇರು ಭೂಮಿ ಈ ಪಿಡುಗಿಗೆ ಒಳಗಾಗಿತ್ತು. ದೇಶದ ವಿಸ್ತೀರ್ಣದಲ್ಲಿ ಇದರ ಪಾಲು ಶೇಕಡಾ 28.76ರಿಂದ 29.77ಕ್ಕೆ ಏರಿತು. ಶೇಕಡಾ ಒಂದು ಎಂದರೆ ಅಲ್ಪವೆನಿಸಬಹುದು. ಹೆಕ್ಟೇರುಗಳಲ್ಲಿ ಅದು 33 ಲಕ್ಷ. ಹದಿನೈದು ವರ್ಷಗಳಲ್ಲಿ ಅಷ್ಟು ಮೂಲಧನ ಕರಗಿತೆಂದು ತಿಳಿಯಬೇಕು.

ರಾಜ್ಯವಾರು ಲೆಕ್ಕ ಇನ್ನೂ ಕುತೂಹಲಕರ. 2011-13ರಲ್ಲಿ ತನ್ನ ವಿಸ್ತೀರ್ಣದ ಅತಿ ಹೆಚ್ಚು ಪಾಲನ್ನು ಈ ಪಿಡುಗಿಗೆ ತೆತ್ತ ರಾಜ್ಯವು ರಾಜಸ್ಥಾನವಲ್ಲ, ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಝಾರ್ಖಂಡ್! ಅಲ್ಲಿ ಶೇಕಡಾ 69ರಷ್ಟು ಭೂಮಿ ಕೆಟ್ಟಿತ್ತು. ಇಳಿಜಾರಿನ ನೆಲದಲ್ಲಿ ಕಾಡು ತೆಳುವಾದಾಗ ಮಳೆಯೇ ಮಣ್ಣಿನ ಶತ್ರುವಾಗುತ್ತದೆ. ರಾಜಸ್ಥಾನ, ದೆಹಲಿ, ಗುಜರಾತ್, ಗೋವಗಳಲ್ಲಿಯೂ ಈ ಪಾಲು ಅರ್ಧಕ್ಕಿಂತ ಹೆಚ್ಚು. ಆದರೆ ರಾಜಸ್ಥಾನದ ಅಂಕವು ಶೇಕಡಾ 63ರಿಂದ ಸ್ವಲ್ಪ ಸ್ವಲ್ಪವಾಗಿ 62ಕ್ಕೆ ಇಳಿಯುತ್ತ ಬಂದಿದೆ. ಮಹಾರಾಷ್ಟ್ರದ್ದು 2003ರಿಂದ 2013ರೊಳಗೆ ಶೇಕಡಾ 43ರಿಂದ 45ರ ಸಮೀಪಕ್ಕೆ ಏರಿತು. ಮರಳಿನ ನಾಡು ಚೇತರಿಸಿಕೊಳ್ಳುತ್ತಿರುವಾಗ ಮಣ್ಣಿನ ನಾಡುಗಳು ಜಾರುತ್ತಿವೆ. ದೇಶದಲ್ಲಿ ಗಾಳಿಯ ಕೊರೆತಕ್ಕಿಂತ ನೀರಿನ ಕೊರೆತದಿಂದ ಕೆಟ್ಟ ಭೂಮಿಯೇ ಎರಡರಷ್ಟು ಎಂಬುದನ್ನು ನೆನೆದರೆ ಇದರ ಮರ್ಮ ತಿಳಿಯುತ್ತದೆ.

ರಾಜಸ್ಥಾನದಲ್ಲಿಯೂ ಒಂದು ಗಂಡಾಂತರ ಇಳಿದೆಡೆ ಇನ್ನೊಂದು ತಲೆಯೆತ್ತಿದೆ. 1958ರಲ್ಲಿ ಕೆಲಸ ಆರಂಭವಾಗಿ, ಮುಂದೆ ಇಂದಿರಾ ಗಾಂಧಿ ಕಾಲುವೆಯೆಂದು ಹೆಸರಾದ ಜಲಮಾರ್ಗವು ಪಂಜಾಬಿನ ನದಿಗಳ ನೀರನ್ನು ಮರಳುಗಾಡಿಗೆ ತಂದು ಅದನ್ನು ಹಸಿರಾಗಿಸಿತು. ಆದರೆ ಹನುಮಾನಗಢ ಮತ್ತು ಶ್ರೀಗಂಗಾನಗರ ಜಿಲ್ಲೆಗಳ ಕೆಲವೆಡೆ ನೆಲದಡಿ ನೀರಿಳಿಯದ ಗಟ್ಟಿಪದರವಿದ್ದುದರಿಂದ ಹೊಲಗಳು ಜೌಗಾಗಿ, ಉಪ್ಪು ಮೇಲೆ ಬಂದಿತು. ಬಾಯಾರಿಕೆಯಿಂದ ಬಳಲಿದ ನೆಲ ಈಗ ಅಜೀರ್ಣದಿಂದ ಬಳಲುತ್ತಿದೆ.

ಮುಂಬಯಿ ಪುಣೆಗಳ ಬಂಧುಗಳಿಗೆ ಹತ್ತಿರದ ಒಂದು ಒಳ್ಳೆಯ ನಿದರ್ಶನವೂ ಉಂಟು. ಹಿಂದೆ ಅಹಮದನಗರವೆನಿಸಿದ್ದ ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಜಾರ್ ಗ್ರಾಮಕ್ಕೆ ವರ್ಷಕ್ಕೆ ಸುಮಾರು 400 ಮಿಲಿಮೀಟರು ಮಳೆ. 1990ರ ಸುಮಾರಿಗೆ ಪೋಪಟರಾವ್ ಪವಾರ್ ಅವರ ನೇತೃತ್ವದಲ್ಲಿ ಗ್ರಾಮಸ್ಥರು ಗುಡ್ಡಗಳಲ್ಲಿ ಕಾಲುವೆ ತೋಡಿ ನೀರಿಂಗಿಸಿದರು, ಮರ ಕಡಿಯುವುದನ್ನೂ, ದನಗಳನ್ನು ಮನಬಂದಂತೆ ಮೇಯಬಿಡುವುದನ್ನೂ, ಬೇಸಾಯಕ್ಕೆ ಕೊಳವೆ ಬಾವಿ ಕೊರೆಯುವುದನ್ನೂ ನಿಲ್ಲಿಸಿದರು, ಕಬ್ಬನ್ನು ದೂರವಿಟ್ಟರು. ವರ್ಷವರ್ಷವೂ ಗ್ರಾಮಸಭೆಯಲ್ಲಿ ಲಭ್ಯವಿರುವ ನೀರಿನ ಆಯವ್ಯಯ ಮಂಡಿಸಿ, ಆಮೇಲೆ ಬೆಳೆಯನ್ನು ನಿರ್ಧರಿಸುತ್ತಾರೆ. ಅಲ್ಲಿ ಮಳೆ ಹೆಚ್ಚಾಗಲಿಲ್ಲ, ಲೆಕ್ಕ ಸರಿಯಾಯಿತು.

ಕನ್ನಡ ನಾಡಿನ ಎರಡು ಮುಖಗಳು

ತಲಕಾಡಿನ ಮರಳನ್ನು ಶಾಪದ ಕಥೆಯಾಗಿ ಬಾಲ್ಯದಲ್ಲಿ ಕೇಳಿ ಬೆಳೆದವರು ನಾವು. ಆದರೆ ಇಂದಿನ ಕರ್ನಾಟಕದಲ್ಲಿ ಸುಮಾರು ಶೇಕಡಾ 36ರಷ್ಟು ಭೂಮಿ ಈ ಪಿಡುಗಿಗೆ ಸಿಕ್ಕಿರುವುದಕ್ಕೆ ಯಾವ ಶಾಪವೂ ಕಾರಣವಲ್ಲ. ರಾಜಸ್ಥಾನವನ್ನು ಬಿಟ್ಟರೆ ದೇಶದಲ್ಲಿ ಅತಿ ಹೆಚ್ಚು ಒಣಭೂಮಿಯುಳ್ಳ ರಾಜ್ಯ ನಮ್ಮದು.

ಇದರ ಒಂದು ಮುಖ ಮಳೆಯಾಶ್ರಿತ ಸೀಮೆ. ಚಿತ್ರದುರ್ಗ, ಬಳ್ಳಾರಿ, ಗದಗ, ವಿಜಯಪುರಗಳ ಎರೆ ಮತ್ತು ಮಸಾರಿ ಹೊಲಗಳಲ್ಲಿ ಬದು ಒಡೆದರೆ ಒಂದೇ ಬಿರುಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಬಳ್ಳಾರಿಯ ಗಡಿಗೆ ತಾಗಿದ ಅನಂತಪುರ ಜಿಲ್ಲೆಯ ಬೊಮ್ಮನಹಾಳು, ಕಣೇಕಲ್ಲು ಸೀಮೆಗಳಲ್ಲಿ ಹಗರಿ ಎಂದು ಕರೆಯುವ ವೇದಾವತಿಯ ಒಣ ಪಾತ್ರದಿಂದ ಗಾಳಿಗೆ ಹಾರುವ ಮರಳು ಹೊಲಗಳ ಮೇಲೆ ದಿಬ್ಬವಾಗಿ ನಿಂತಿದೆ. ಕೋಲಾರದ ಕಡೆ ತೆರೆದ ಬಾವಿಗಳು ಬತ್ತಿ, ಕೊಳವೆ ಬಾವಿಗಳು ಸಾವಿರ ಅಡಿಯನ್ನು ಮೀರಿದುವು. ಕೆಲವೆಡೆ ಕಾಣುವ ಹಸಿರೂ ನಂಬತಕ್ಕುದಲ್ಲ. ಬಳ್ಳಾರಿ ಜಾಲಿ ದಟ್ಟವಾಗಿ ಹಬ್ಬಿದ ಗೋಮಾಳವು ಆಕಾಶದಿಂದ ಹಸಿರಾಗಿಯೇ ತೋರುತ್ತದೆ. ದನಕ್ಕೆ ಬೇಕಾದ ಹುಲ್ಲು ಮಾತ್ರ ಅದರಡಿ ಮಾಯವಾಗಿರುತ್ತದೆ.

ಇನ್ನೊಂದು ಮುಖ ನೀರಾವರಿ ಸೀಮೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿದಾಗ ರಾಯಚೂರು ಬಳ್ಳಾರಿಗಳ ಬರ ನೀಗಿತೆಂದು ಜನ ಹಿಗ್ಗಿದರು. ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆಗಳಿಗೆಂದು ಗುರುತಿಸಿದ ಎಷ್ಟೋ ಜಮೀನುಗಳು ಭತ್ತದ ಗದ್ದೆಗಳಾದವು. ಕಾಲುವೆಯ ತಲೆಯಲ್ಲಿರುವವರಿಗೆ ನೀರು ಅತಿಯಾಗಿ, ಕೊನೆಯಲ್ಲಿರುವವರಿಗೆ ನೀರೇ ಮುಟ್ಟದಾಯಿತು. ಸಿಂಧನೂರು, ಗಂಗಾವತಿ ಕಡೆಯ ರೈತರಿಗೆ ಸವಳು-ಜವಳು ಎಂಬ ಜೋಡಿ ಶಬ್ದದ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಮಲಪ್ರಭಾ, ಘಟಪ್ರಭಾ, ಕೃಷ್ಣಾ ಅಚ್ಚುಕಟ್ಟುಗಳಲ್ಲಿಯೂ ಇದೇ ರೋಗದ ಲಕ್ಷಣಗಳಿವೆ. ಒಣಭೂಮಿಯ ಅಪಾಯ ಎಲ್ಲರಿಗೂ ಕಾಣುತ್ತದೆ. ಹಸಿರು ಗದ್ದೆಯ ಕೆಳಗೆ ಬೆಳೆಯುವ ಅಪಾಯ ಇಳುವರಿ ಕುಸಿದ ಮೇಲೆಯೇ ಕಾಣುವುದು.

ನೆಲದ ರೋಗ, ದೇಹದ ರೋಗ

ಈ ಸಂಚಿಕೆಯಲ್ಲಿ ಆರೋಗ್ಯದ ಲೇಖನಗಳ ನಡುವೆ ಭೂಮಿಯ ಲೇಖನಕ್ಕೇನು ಕೆಲಸವೆಂದು ಯಾರಾದರೂ ಕೇಳಬಹುದು. ನೆಲದ ರೋಗವು ನೆಲದಲ್ಲಿಯೇ ನಿಲ್ಲುವುದಿಲ್ಲ ಎಂಬುದೇ ಅದಕ್ಕೆ ಉತ್ತರ. ಅಮೆರಿಕದ ಧೂಳಿನ ವರ್ಷಗಳಲ್ಲಿ ಮಕ್ಕಳೂ ಮುದುಕರೂ ಧೂಳಿನ ನ್ಯುಮೋನಿಯದಿಂದ ಸತ್ತರು. ಅರಾಲಿನ ದಕ್ಷಿಣಕ್ಕಿರುವ ಕರಕಲ್ಪಕಸ್ತಾನದಲ್ಲಿ ರಕ್ತಹೀನತೆ ಮತ್ತು ಶ್ವಾಸಕೋಶದ ಬೇನೆಗಳು ವೈದ್ಯರ ಗಮನ ಸೆಳೆದವು. 2018ರ ಮೇ ತಿಂಗಳ ಮೊದಲ ವಾರ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಬೀಸಿದ ಧೂಳಿನ ಬಿರುಗಾಳಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು.

ಸಾಹೇಲಿನಲ್ಲಿ ಒಣ ಗಾಳಿ ಧೂಳೆಬ್ಬಿಸುವ ತಿಂಗಳುಗಳೇ ಮೆದುಳಿನ ಪೊರೆಯ ಉರಿಯೂತವಾದ ಮೆನಿಂಜೈಟಿಸ್ ಹಬ್ಬುವ ಕಾಲ. ಮಳೆ ಬಂದೊಡನೆ ರೋಗ ಇಳಿಯುತ್ತದೆ. ಈ ರೋಗದ ಮುಖ್ಯ ಬಗೆಯೊಂದಕ್ಕೆ ಅಗ್ಗದ ಲಸಿಕೆಯನ್ನು ತಯಾರಿಸಿಕೊಟ್ಟದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಎಂಬುದು ನಮಗೆ ಹೆಮ್ಮೆಯ ವಿಷಯ. 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೊದಲ್ಲಿ ಅದರ ದೊಡ್ಡ ಅಭಿಯಾನ ಆರಂಭವಾಯಿತು. ಆ ಬಗೆಯ ರೋಗ ಅಲ್ಲಿ ಬಹುಮಟ್ಟಿಗೆ ಅಡಗಿತು.

ನಮ್ಮ ಊರುಗಳಿಗೆ ಇನ್ನೂ ಹತ್ತಿರದ ಅಪಾಯ ಫ್ಲೋರೈಡಿನದು. ಮೇಲಿನ ನೀರು ಬತ್ತಿ ಕೊಳವೆ ಬಾವಿ ಬಂಡೆಯ ಆಳಕ್ಕಿಳಿದಂತೆ ಅನೇಕ ಕಡೆ ನೀರಿನಲ್ಲಿ ಫ್ಲೋರೈಡಿನ ಅಂಶ ಏರುತ್ತದೆ. ತುಮಕೂರು ಜಿಲ್ಲೆಯ ಪಾವಗಡ, ತೆಲಂಗಾಣದ ನಲ್ಗೊಂಡ ಇದಕ್ಕೆ ಕುಪ್ರಸಿದ್ಧ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸಹ್ಯ, 1.5ನ್ನು ಮೀರಕೂಡದು. ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ, ವಯಸ್ಸಾದಂತೆ ಮೂಳೆ ಕೀಲುಗಳ ಬಿಗಿತ. ನೀರನ್ನು ಕುದಿಸುವುದರಿಂದ ಕ್ರಿಮಿಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಊರಿನಲ್ಲಿ ತಂದೆತಾಯಿಗಳು ಕುಡಿಯುವ ಬಾವಿಯ ನೀರನ್ನು ಒಮ್ಮೆ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸುವುದು, ಮುಂದಿನ ರಜೆಯಲ್ಲಿ ನಾವು ಮಾಡಬಹುದಾದ ಉಪಕಾರಗಳಲ್ಲೊಂದು.

ಮುಂದಿನ ದಾರಿ

2024ರಲ್ಲಿ ಪ್ರಕಟವಾದ ವಿಶ್ವಸಂಸ್ಥೆಯ ವರದಿಯ ಪ್ರಕಾರ, 2020ಕ್ಕೆ ಮುಗಿದ ಮೂವತ್ತು ವರ್ಷಗಳಲ್ಲಿ ಭೂಮಂಡಲದ ಶೇಕಡಾ 77ಕ್ಕಿಂತ ಹೆಚ್ಚು ನೆಲ ಅದರ ಹಿಂದಿನ ಮೂವತ್ತು ವರ್ಷಗಳಿಗಿಂತ ಒಣಗಿತ್ತು. ಒಣ ಪ್ರದೇಶಗಳು 43 ಲಕ್ಷ ಚದರ ಕಿಲೋಮೀಟರುಗಳಷ್ಟು ಹೆಚ್ಚಿದುವು. ಹವಾಗುಣದ ಬಾಬು ನಮ್ಮ ವಿರುದ್ಧ ತಿರುಗಿರುವುದರಲ್ಲಿ ಸಂದೇಹವಿಲ್ಲ. ಅದನ್ನು ಸರಿಪಡಿಸುವುದು ಒಂದು ಊರಿನಿಂದಾಗಲಿ ಒಂದು ರಾಜ್ಯದಿಂದಾಗಲಿ ಆಗತಕ್ಕುದಲ್ಲ. ಆದುದರಿಂದಲೇ ನಮ್ಮ ಕೈಯಲ್ಲಿರುವ ಬಾಬುಗಳ ಹೊಣೆ ಹೆಚ್ಚಿತು. 2030ರೊಳಗೆ 260 ಲಕ್ಷ ಹೆಕ್ಟೇರು ಕೆಟ್ಟ ಭೂಮಿಯನ್ನು ಸರಿಪಡಿಸುವುದಾಗಿ ಭಾರತ 2019ರಲ್ಲಿ ಘೋಷಿಸಿದೆ. ಆ ಸಂಕಲ್ಪ ಸಿದ್ಧಿಸುವುದು ಕಡತಗಳಲ್ಲಲ್ಲ, ಹೊಲದ ಬದುವಿನಲ್ಲಿ.

ಬೆಳೆಯು ಬಡ್ಡಿ, ಮಣ್ಣು ಅಸಲು. ಬಡ್ಡಿಯನ್ನು ಉಣ್ಣುವುದು ನ್ಯಾಯ. ಅಸಲನ್ನೇ ಉಂಡ ಮನೆ ಬಾಳದು. ಹೊರನಾಡಿನಲ್ಲಿರುವ ನಾವು ಜಮೀನನ್ನು ಕೋರಿಗೆ ಕೊಟ್ಟು ವರ್ಷಕ್ಕಿಷ್ಟು ಚೀಲವೆಂದು ಎಣಿಸುವುದರ ಜೊತೆಗೆ ಇನ್ನೂ ಮೂರು ಪ್ರಶ್ನೆಗಳನ್ನು ಕೇಳಬೇಕು: ಬದು ಭದ್ರವಾಗಿದೆಯೇ? ಬಾವಿಯ ನೀರು ಹೋದ ವರ್ಷಕ್ಕಿಂತ ಎಷ್ಟು ಇಳಿದಿದೆ? ಬದುವಿನ ಮೇಲೆ ಎಷ್ಟು ಮರಗಳಿವೆ? ಉಳುಮೆ ಮಾಡುವವನು ಬದು ಹಾಕಿಸಲು, ಮಣ್ಣಿನ ಪರೀಕ್ಷೆ ಮಾಡಿಸಲು ಮುಂದಾದರೆ ಅದರ ಖರ್ಚಿನಲ್ಲಿ ಒಡೆಯನಾದವನು ಪಾಲು ವಹಿಸಬೇಕು. ಊರಿನ ಕೆರೆಯ ಹೂಳೆತ್ತುವ ಕೆಲಸಕ್ಕೆ ಸಂಘದ ವತಿಯಿಂದ ಕೈಲಾದ ನೆರವು ಸಲ್ಲಬೇಕು. ಮರಾಡಿಯ ರೈತರಿಗೆ ನೆಲದಡಿಯ ಬೇರು ಜೀವಂತವಾಗಿ ಸಿಕ್ಕಿದಂತೆ, ನಮ್ಮ ಊರಿನ ನೆಲದಲ್ಲಿಯೂ ಜೀವ ಇನ್ನೂ ಉಳಿದಿದೆ. ಅದು ಉಳಿದಿರುವಾಗಲೇ ನಾವು ಕೈ ನೀಡಬೇಕು.